ಸೂಜಿಯಲ್ಲಿ ಅರಳಿದ ತೋಟ

ಕಸೂತಿ ಎಂದೊಡನೆ ನಮಗೆ ನೆನಪಾಗುವುದು ಸೀರೆಯ ಸೆರಗು, ಕುಪ್ಪಸದ ತೋಳು, ದುಪ್ಪಟ್ಟಾದ ಅಂಚು, ದಿಂಬಿನ ಗವಸು. ಬಟ್ಟೆ ಮೊದಲು, ಹೂವು ಆಮೇಲೆ. ಉರ್ದುವಿನಲ್ಲಿ ಇದಕ್ಕೆ ಕಶೀದಾಕಾರಿ ಎನ್ನುತ್ತಾರೆ; ಹೂಬಳ್ಳಿಗಳೇ ಹೆಚ್ಚಿದ್ದರೆ ಗುಲ್‌ಕಾರಿ ಎನ್ನುವುದೂ ಉಂಟು. ಯಾವ ಹೆಸರಿನಿಂದ ಕರೆದರೂ ಅದು ಉಡುವ, ಹೊದೆಯುವ, ಹಾಸುವ ವಸ್ತುವಿಗೆ ಸೇರಿದ ಅಲಂಕಾರ. ಆದರೆ ಉಡಲಿಕ್ಕೂ ಅಲ್ಲದೆ ಹಾಸಲಿಕ್ಕೂ ಅಲ್ಲದೆ, ಕೇವಲ ನೋಡಲಿಕ್ಕೆಂದೇ ರೇಷ್ಮೆ ಬಟ್ಟೆಯ ಮೇಲೆ ರೇಷ್ಮೆ ಎಳೆಯಿಂದ ಹೂಗಿಡಗಳ ಚಿತ್ರ ಬಿಡಿಸುವ ಪದ್ಧತಿ ಚೀನಾದಲ್ಲಿ ಶತಮಾನಗಳಿಂದ ಇದೆ. ಅಲ್ಲಿ ಅದು ಕುಂಚದ ಚಿತ್ರಕ್ಕೆ ಸರಿಸಮನಾಗಿ ನಿಂತಿತು. ಹಾಗೆ ನಿಲ್ಲಿಸಿದವರಲ್ಲಿ ಹೆಂಗಸರೇ ಮುಖ್ಯರು.

ಈ ಕಲೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದರ ನಾಜೂಕನ್ನೂ ಅದರ ಹಿಂದಿನ ತಾಳ್ಮೆಯನ್ನೂ ಹೊಗಳಿ ಸುಮ್ಮನಾಗುತ್ತಾರೆ. ಹೆಣ್ಣಿನ ತಾಳ್ಮೆಯನ್ನು ಹೊಗಳಲು ಯಾರಿಗೂ ಖರ್ಚು ಬರುವುದಿಲ್ಲ. ಆದರೆ ಆ ಒಂದು ಹೂವನ್ನು ಕುಳಿತು ಬಿಡಿಸಲು ಅವಳಿಗೆ ಏನೇನು ಬೇಕಿತ್ತು, ಅದು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ಕೇಳತೊಡಗಿದರೆ ಈ ಚಿತ್ರಗಳ ಹಿಂದಿನ ಇತಿಹಾಸ ಬೇರೆಯಾಗಿಯೇ ಕಾಣುತ್ತದೆ.

ಇಬ್ಬನಿಯ ಪರಿಮಳದ ತೋಟ

ಹದಿನಾರನೆಯ ಶತಮಾನದ ಶಾಂಘೈ ಇಂದಿನ ಮಹಾನಗರವಲ್ಲ. ಕೋಟೆಗೋಡೆ ಕಟ್ಟಿಕೊಂಡಿದ್ದ ಒಂದು ತಾಲ್ಲೂಕು ಪಟ್ಟಣ. ಮಿಂಗ್ ವಂಶದ ಚಕ್ರವರ್ತಿಗಳ ಕಾಲ. ಆ ಊರಿನ ಗು ಮಿಂಗ್‌ಶಿ ಎಂಬವನು 1559ರಲ್ಲಿ ಸಾಮ್ರಾಜ್ಯದ ಅತ್ಯುನ್ನತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸರಕಾರಿ ಅಧಿಕಾರಿಯಾದ. ಊರಿನಲ್ಲಿ ಅವನ ಮನೆತನ ಒಂದು ದೊಡ್ಡ ತೋಟ ಕಟ್ಟಿಸಿತು. ಕೊಳ ತೋಡುವಾಗ ಒಂದು ಹಳೆಯ ಕಲ್ಲು ಸಿಕ್ಕಿತೆಂದೂ, ಅದರ ಮೇಲೆ 'ಇಬ್ಬನಿಯ ಪರಿಮಳದ ಕೊಳ' ಎಂಬ ಅರ್ಥದ ಅಕ್ಷರಗಳಿದ್ದವೆಂದೂ ಹೇಳುತ್ತಾರೆ. ಅದರಿಂದಲೇ ತೋಟಕ್ಕೆ ಲು ಶಿಯಾಂಗ್ ಯುವಾನ್, ಅಂದರೆ ಇಬ್ಬನಿಯ ಪರಿಮಳದ ತೋಟ ಎಂಬ ಹೆಸರು ಬಂತು. ಕೊಳ, ಬಂಡೆ, ಮಂಟಪ, ಹೂಗಿಡಗಳ ಜೊತೆಗೆ ಅಲ್ಲಿ ಬೆಳೆಯುತ್ತಿದ್ದ ರಸಭರಿತ ಪೀಚ್ ಹಣ್ಣೂ ಹೆಸರುವಾಸಿಯಾಗಿತ್ತು.

ಆದರೆ ತೋಟಕ್ಕೆ ಕೀರ್ತಿ ಉಳಿದದ್ದು ಹಣ್ಣಿನಿಂದಲ್ಲ, ಒಳಮನೆಯ ಹೆಂಗಸರ ಸೂಜಿಯಿಂದ. ಆ ಮನೆಯ ಕಸೂತಿಗೆ 'ಗು ಕಸೂತಿ' ಎಂದೇ ಹೆಸರಾಯಿತು. ಕೆಲವರು ತೋಟದ ಹೆಸರು ಸೇರಿಸಿ 'ಲು ಶಿಯಾಂಗ್ ಯುವಾನಿನ ಗು ಕಸೂತಿ' ಎಂದೂ ಕರೆದರು. ಇದರಲ್ಲಿ ಮೊದಲು ಹೆಸರು ಮಾಡಿದವಳು ಗು ಮಿಂಗ್‌ಶಿಯ ಮಗನ ಉಪಪತ್ನಿ. ಇತಿಹಾಸದ ಪುಸ್ತಕಗಳಲ್ಲಿ ಅವಳು ಹೆಚ್ಚಾಗಿ 'ಮಿಯಾವ್ ಮನೆತನದವಳು' ಎಂದಷ್ಟೇ ಕಾಣಿಸಿಕೊಳ್ಳುತ್ತಾಳೆ. ಅವಳ ತವರಿನ ಹೆಸರು ಉಳಿದಿದೆ, ಗಂಡನ ಮನೆಯ ಹೆಸರು ಇಡೀ ಕಲೆಗೇ ಅಂಟಿಕೊಂಡಿದೆ.

ಬಿಸಿಲು ಬಿದ್ದ ದಿನಗಳಲ್ಲಿ

ಈ ಮನೆತನದ ಮೂರನೆಯ ತಲೆಮಾರಿನಲ್ಲಿ ಬಂದವಳು ಹಾನ್ ಶಿಮೆಂಗ್. ಗು ಮಿಂಗ್‌ಶಿಯ ಮೊಮ್ಮಗ ಗು ಶೌಚಿಯಾನ್‌ನ ಹೆಂಡತಿ. ಗಂಡ ಸ್ವತಃ ಚಿತ್ರ ಬಲ್ಲವನು. ಆ ಕಾಲದ ಬಹು ದೊಡ್ಡ ಚಿತ್ರಕಾರನೂ ವಿಮರ್ಶಕನೂ ಆಗಿದ್ದ ದೊಂಗ್ ಚೀಚಾಂಗ್‌ನ (1555-1636) ಶಿಷ್ಯ. ಹಾನ್ ಶಿಮೆಂಗ್ ಆ ಮನೆಯಲ್ಲಿ ಹಳೆಯ ಚಿತ್ರಗಳನ್ನು ನೋಡಬಲ್ಲವಳಾಗಿದ್ದಳು. ಸೋಂಗ್ ಮತ್ತು ಯುವಾನ್ ಕಾಲದ ಪ್ರಸಿದ್ಧ ಕೃತಿಗಳನ್ನು ಆಧರಿಸಿ ಅವಳು ಎಂಟು ಕಸೂತಿ ಚಿತ್ರಗಳ ಒಂದು ಸಂಪುಟ ಮಾಡಿದಳು. ಅದಕ್ಕೆ ಹಲವು ವರ್ಷಗಳು ಹಿಡಿದವು. 1634ರಲ್ಲಿ ಮುಗಿದ ಆ ಸಂಪುಟ ಇಂದು ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಕುದುರೆ ತೊಳೆಯುವ ದೃಶ್ಯ, ಜಿಂಕೆಗಳು, ದ್ರಾಕ್ಷಿ ಬಳ್ಳಿಯ ಮೇಲಿನ ಅಳಿಲು, ಹೂವಿನ ಹೊಳೆಯಲ್ಲಿ ಮೀನು ಹಿಡಿಯುತ್ತ ಕುಳಿತ ಏಕಾಂತವಾಸಿ - ಹೀಗೆ ಒಂದೊಂದು ಪುಟದಲ್ಲಿ ಒಂದೊಂದು. ಅವುಗಳಲ್ಲಿ ಒಂದು ಪುಟದಲ್ಲಿರುವುದು ಅವರೆ ಬಳ್ಳಿ, ಅದರ ಬಳಿ ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಹುಳು. ನಮ್ಮ ಬೇಲಿಗಳ ಮೇಲೆ ಹಬ್ಬಿ, ಚಳಿಗಾಲದಲ್ಲಿ ಮನೆಮನೆಯ ಸಾರಿಗೆ ಬರುವ ಅದೇ ಅವರೆ!

ದೊಂಗ್ ಚೀಚಾಂಗ್ ಈ ಚಿತ್ರಗಳನ್ನು ನೋಡಿ ಬೆರಗಾದ. ಎಂಟಕ್ಕೂ ಪ್ರಶಂಸೆಯ ಬರಹ ಬರೆದುಕೊಟ್ಟ. ಸೂಜಿಯ ಕೆಲಸ ಇಷ್ಟರ ಮಟ್ಟಿಗೆ ಹೇಗೆ ಬಂತೆಂದು ಅವನು ಕೇಳಿದ್ದಕ್ಕೆ ಗಂಡ ಕೊಟ್ಟ ಉತ್ತರ ಅದೇ ಸಂಪುಟದ ಟಿಪ್ಪಣಿಯಲ್ಲಿ ದಾಖಲಾಗಿದೆ. ಕೊರೆಯುವ ಚಳಿಯಲ್ಲಿ, ಬೆವರಿಳಿಯುವ ಸೆಕೆಯಲ್ಲಿ, ಗಾಳಿಮಳೆಯ ಮಬ್ಬು ಕವಿದ ದಿನಗಳಲ್ಲಿ ಆಕೆ ಸೂಜಿ ಮುಟ್ಟುವುದಿಲ್ಲ; ಆಕಾಶ ತಿಳಿಯಾಗಿ ಬಿಸಿಲು ಬಿದ್ದು, ಹಕ್ಕಿಗಳು ನಲಿಯುತ್ತ ಹೂವುಗಳು ಪರಿಮಳ ಸೂಸುವಾಗ, ಕಣ್ಣೆದುರಿನ ಆ ಜೀವಕಳೆಯನ್ನೇ ರೇಷ್ಮೆಯೊಳಗೆ ಚುಚ್ಚುತ್ತಾಳೆ ಎಂಬುದು ಅವನ ಮಾತಿನ ತಾತ್ಪರ್ಯ.

ಈ ಒಂದು ಮಾತು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅವಳ ಮುಂದೆ ಹಳೆಯ ಗುರುಗಳ ಚಿತ್ರವಿತ್ತು, ನಿಜ. ಆದರೆ ಬಣ್ಣ ಆರಿಸುವಾಗ ಅವಳ ಕಣ್ಣು ಹೋಗುತ್ತಿದ್ದದ್ದು ತೋಟಕ್ಕೆ. 1641ರಲ್ಲಿ ಅವಳು ಮಾಡಿದ ಮತ್ತೊಂದು ಸಂಪುಟ ಶಾಂಘೈ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿರುವುದು ಪೂರ್ತಿ ತೋಟ ಮತ್ತು ಕೊಳದ ಲೋಕವೇ: ಬಂಡೆಯ ಬುಡದ ಹೂವು ಮತ್ತು ಚಿಟ್ಟೆ, ಶರತ್ಕಾಲದಲ್ಲಿ ಕಿರುಗುಟ್ಟುವ ಕೀಟ, ಜೊಂಡಿನ ನಡುವಿನ ಸಿಗಡಿ, ಈಜುವ ಮೀನು.

1634ರ ಸಂಪುಟದ ಪುಟಗಳಲ್ಲಿ ಅವಳು ಕೆಂಪು ದಾರದಲ್ಲಿ ಒಂದು ಮುದ್ರೆಯನ್ನೂ ಹೊಲಿದಿದ್ದಾಳೆ. 'ಹಾನ್ ಮನೆತನದ ಹೆಣ್ಣಿನ ಸೂಜಿಗೆಲಸ' ಎಂದು ಅದರ ಅರ್ಥ. ಚಿತ್ರಕಾರರು ತಮ್ಮ ಚಿತ್ರದ ಮೂಲೆಯಲ್ಲಿ ಕೆಂಪು ಮುದ್ರೆ ಒತ್ತುತ್ತಿದ್ದರು. ಅವಳು ಅದನ್ನು ಸೂಜಿಯಿಂದಲೇ ಒತ್ತಿದಳು. ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕನ್ನು ಒಬ್ಬ ಹೆಣ್ಣುಮಗಳು ಸದ್ದಿಲ್ಲದೆ ಪಡೆದುಕೊಂಡ ರೀತಿ ಇದು.

ಎಳೆ ಸೀಳುವ ವಿದ್ಯೆ

ದಾರದಿಂದ ಹೂವು ಬಿಡಿಸುವುದಕ್ಕೂ ದಾರದಿಂದ ಚಿತ್ರ ಬರೆಯುವುದಕ್ಕೂ ಏನು ವ್ಯತ್ಯಾಸ? ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ಬುನಾದಿ ಹಾಕಿದ ಮೇಲೆ ಅಲ್ಲಿನ ಎಷ್ಟೋ ಮನೆಗಳ ಒಲೆ ಉರಿಯುವುದು ಗೂಡಿನಿಂದಲೇ. ನೂಲು ಬಿಚ್ಚಾಣಿಕೆ ಮಾಡುವವರು ಬಿಸಿನೀರಿನಲ್ಲಿ ಗೂಡು ಬೇಯಿಸಿ, ಹಲವು ಗೂಡುಗಳ ಎಳೆಗಳನ್ನು ಒಟ್ಟುಗೂಡಿಸಿ ಒಂದು ನೂಲು ಮಾಡುತ್ತಾರೆ. ಒಂದೇ ಗೂಡಿನ ಎಳೆ ಕಣ್ಣಿಗೆ ಕಾಣುವುದೇ ಕಷ್ಟ. ಕಸೂತಿ ಚಿತ್ರದವರು ಮಾಡುವುದು ಇದಕ್ಕೆ ತದ್ವಿರುದ್ಧ. ಸಿದ್ಧವಾದ ರೇಷ್ಮೆ ದಾರವನ್ನು ಬೆರಳಿನ ನಡುವೆ ಹಿಡಿದು ಎರಡಾಗಿ, ನಾಲ್ಕಾಗಿ, ಎಂಟಾಗಿ, ಹದಿನಾರಾಗಿ, ಬೇಕಾದರೆ ಇನ್ನೂ ಸಣ್ಣದಾಗಿ ಸೀಳುತ್ತಾರೆ. ಹೂವಿನ ದಳಕ್ಕೆ ಒಂದು ದಪ್ಪ, ಅದರ ನೆರಳಿಗೆ ಇನ್ನೊಂದು, ಚಿಟ್ಟೆಯ ಮೀಸೆಗೆ ಮತ್ತೊಂದು.

ನಮ್ಮ ಜರ್ದೋಜಿಯವರು ಅಡ್ಡಾ ಎಂದು ಕರೆಯುವಂಥ ಚೌಕಟ್ಟಿನ ಮೇಲೆ ರೇಷ್ಮೆ ಬಟ್ಟೆಯನ್ನು ಬಿಗಿಯಾಗಿ ಕಟ್ಟುತ್ತಾರೆ. ಚಿತ್ರದ ಗೆರೆಗಳನ್ನು ಬಟ್ಟೆಗೆ ಇಳಿಸುತ್ತಾರೆ. ಆಮೇಲೆ ಉದ್ದ ಹೊಲಿಗೆಯೊಂದು, ಗಿಡ್ಡ ಹೊಲಿಗೆಯೊಂದು ಹೀಗೆ ದಳದ ತುದಿಯಿಂದ ಬುಡದ ಕಡೆಗೆ ತುಂಬುತ್ತ ಬರುತ್ತಾರೆ. ಮುಂದಿನ ಸಾಲಿನ ಹೊಲಿಗೆ ಹಿಂದಿನ ಸಾಲಿನ ಸಂದಿಯೊಳಗೆ ತೂರಿಕೊಳ್ಳುವುದರಿಂದ ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ತಿಳಿಯುವುದಿಲ್ಲ. ಹುರಿಯಿಲ್ಲದ ರೇಷ್ಮೆ ಎಳೆಗೆ ಇನ್ನೊಂದು ಗುಣವಿದೆ. ಅದು ಮಲಗಿದ ದಿಕ್ಕು ಬದಲಾದರೆ ಬೆಳಕು ಹಿಡಿಯುವ ರೀತಿಯೂ ಬದಲಾಗುತ್ತದೆ. ಒಂದೇ ಗುಲಾಬಿ ಬಣ್ಣದ ದಾರ ಒಂದು ದಳದಲ್ಲಿ ತಿಳಿಯಾಗಿಯೂ, ಪಕ್ಕಕ್ಕೆ ತಿರುಗಿದ ದಳದಲ್ಲಿ ಗಾಢವಾಗಿಯೂ ಕಾಣುತ್ತದೆ. ಆದ್ದರಿಂದ ಹೂವಿನ ದಳ ಯಾವ ಕಡೆಗೆ ಬೆಳೆದಿದೆಯೋ ಹೊಲಿಗೆಯೂ ಆ ಕಡೆಗೇ ಸಾಗಬೇಕು. ಇದನ್ನು ಅಚ್ಚಿನ ನಕ್ಷೆ ನೋಡಿ ಕಲಿಯಲಾಗದು. ಗಿಡದ ಹತ್ತಿರ ಹೋಗಿ ಹೂವನ್ನೇ ನೋಡಬೇಕು. ಗು ಮನೆಯವರು ಇಷ್ಟಕ್ಕೂ ನಿಲ್ಲದೆ, ಸೂಜಿಗೆ ಎಟುಕದ ಮಬ್ಬು ಬಣ್ಣವನ್ನು ಅಲ್ಲಲ್ಲಿ ಕುಂಚದಿಂದಲೇ ತುಂಬಿಬಿಡುತ್ತಿದ್ದರು. ಅರ್ಧ ಚಿತ್ರ, ಅರ್ಧ ಕಸೂತಿ.

ಹಸಿವಿನ ಹೊಲಿಗೆ

1644ರಲ್ಲಿ ಮಿಂಗ್ ಆಳ್ವಿಕೆ ಕುಸಿಯಿತು. ಗು ಮನೆತನದ ಸಿರಿಯೂ ಕರಗಿತು. ಗು ಮಿಂಗ್‌ಶಿಯ ಮರಿಮೊಮ್ಮಗಳೊಬ್ಬಳು ಜಾಂಗ್ ಎಂಬ ಮನೆಗೆ ಮದುವೆಯಾಗಿ ಹೋಗಿದ್ದವಳು 24ನೆಯ ವಯಸ್ಸಿಗೆ ವಿಧವೆಯಾದಳು. ಸಾಕಬೇಕಾದ ಮಗು ಮಡಿಲಲ್ಲಿತ್ತು. ಮನೆಯ ಗುಟ್ಟಿನಂತಿದ್ದ ಸೂಜಿವಿದ್ಯೆಯನ್ನೇ ಅವಳು ಹೊಟ್ಟೆಪಾಡಿಗೆ ಹಿಡಿದಳು. ಇದೇ ಮನೆತನದ ಗು ಲಾನ್ಯು ಎಂಬ ಹೆಸರೂ ದಾಖಲೆಗಳಲ್ಲಿದೆ. ಊರಿನ ಹೆಣ್ಣುಮಕ್ಕಳನ್ನು ಶಿಷ್ಯೆಯರಾಗಿ ಸೇರಿಸಿಕೊಂಡು ಕಲಿಸಿದವಳು ಅವಳು. ಹೀಗೆ ತೋಟದ ಗೋಡೆಯೊಳಗಿದ್ದ ವಿದ್ಯೆ ಬೀದಿಗೆ ಬಂತು.

ಇದನ್ನು ಕಲೆಯ ಅವನತಿ ಎಂದು ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಾನ್ ಶಿಮೆಂಗ್ ಬಿಸಿಲು ಬಿದ್ದ ದಿನಕ್ಕಾಗಿ ಕಾಯಬಲ್ಲವಳಾಗಿದ್ದಳು. ಆ ವಿಧವೆಗೆ ಮಳೆಯ ದಿನವೂ ಅಡುಗೆಯಾಗಬೇಕಿತ್ತು. ಒಬ್ಬಳು ವರ್ಷಗಟ್ಟಲೆ ಕುಳಿತು ಎಂಟು ಪುಟ ಮಾಡಿದಳು. ಇನ್ನೊಬ್ಬಳು ನೂರಾರು ಹುಡುಗಿಯರ ಕೈಗೆ ದುಡಿಮೆ ದೊರೆಯುವ ದಾರಿ ತೆರೆದಳು. ಎರಡೂ ಒಂದೇ ಸೂಜಿಯ ಕೆಲಸ.

ಆದರೆ ಮಾರುಕಟ್ಟೆ ಅದರ ಬೆಲೆಯನ್ನು ಬೇರೆ ರೀತಿಯಲ್ಲಿ ವಸೂಲು ಮಾಡಿತು. ಶಾಂಘೈ, ಸುಜೌ ಸುತ್ತಮುತ್ತ ಕಸೂತಿ ಮಾರುವ ಅಂಗಡಿಗಳವರೆಲ್ಲ 'ಗು ಕಸೂತಿ' ಎಂಬ ಫಲಕವನ್ನೇ ಹಾಕತೊಡಗಿದರು. ಯಾರು ಹೊಲಿದರೂ ಅದು ಗು ಕಸೂತಿ. ಗು ಎಂಬುದು ಅಂಗಡಿಯ ಹೆಸರಾಯಿತು. ಹೊಲಿದವಳ ಹೆಸರು ಎಲ್ಲಿಯೂ ಇಲ್ಲ. ಹಾನ್ ಶಿಮೆಂಗ್ ಕೆಂಪು ದಾರದಲ್ಲಿ ಹೊಲಿದ ಮುದ್ರೆಯಂಥದ್ದು ಈ ಹೆಂಗಸರ ಕೆಲಸದ ಮೇಲೆ ಬೀಳಲಿಲ್ಲ.

1821ರಲ್ಲಿ ಶಾಂಘೈ ಸಮೀಪದ ಸೋಂಗ್‌ಜಿಯಾಂಗ್ ಸೀಮೆಯ ದಿಂಗ್ ಪೇ ಎಂಬ ಮಹಿಳೆ ಕಸೂತಿಯ ಬಗ್ಗೆಯೇ ಒಂದು ಪುಸ್ತಕ ಬರೆದಳು. ಸೂಜಿ ಹಿಡಿದವಳೇ ಲೇಖನಿ ಹಿಡಿದದ್ದು ಆ ಕಾಲಕ್ಕೆ ದೊಡ್ಡ ಸಂಗತಿ. ಮಾದರಿ ಆರಿಸುವುದು, ದಾರ ಆರಿಸುವುದು, ಬಣ್ಣ ಗುರುತಿಸುವುದು, ಹೊಲಿಯುವ ಕ್ರಮ, ಕೊನೆಗೆ ಕೃತಿಯ ಗುಣ ನಿರ್ಣಯ - ಎಲ್ಲವನ್ನೂ ಅವಳು ಹೇಳುತ್ತಾಳೆ. ಆದರೆ ಪುಸ್ತಕ ಶುರುವಾಗುವುದು ದಾರದಿಂದಲ್ಲ, ಜಾಗದಿಂದ. ಕಸೂತಿಗೆ ಕುಳಿತುಕೊಳ್ಳಲು ನಾಲ್ಕು ಬೇಕು ಎನ್ನುತ್ತಾಳೆ: ಬಿಡುವು, ನಿಶ್ಶಬ್ದ, ಬೆಳಕು, ಶುಚಿ.

ಈ ನಾಲ್ಕನ್ನೂ ಒಮ್ಮೆ ನಮ್ಮ ಮನೆಗಳ ಹೆಂಗಸರ ದಿನಚರಿಯ ಪಕ್ಕದಲ್ಲಿಟ್ಟು ನೋಡಿ. ಯಾರಿಗೆ ಬಿಡುವಿದೆ? ಯಾರ ಮನೆಯಲ್ಲಿ ನಿಶ್ಶಬ್ದವಿದೆ? ಕಿಟಕಿಯ ಬೆಳಕು ಬೀಳುವ ಜಾಗದಲ್ಲಿ ಮನೆಯ ಹೆಂಗಸಿಗೆಂದು ಒಂದು ಮಣೆ ಹಾಕಿಟ್ಟವರು ಎಷ್ಟು ಜನ? ದಿಂಗ್ ಪೇ ಹೇಳಿದ್ದು ಸೂಜಿಗೆಲಸಕ್ಕೆ ಮಾತ್ರವಲ್ಲ, ಹೆಣ್ಣು ಯಾವುದೇ ಕೃತಿಗೆ ಕೈಹಾಕಲು ಬೇಕಾದ ನೆಲ ಯಾವುದು ಎಂಬುದನ್ನು.

ಹಡಗು ಏರಿದ ಹೂವು

ಚೀನಾದ ಈ ಹೂವುಗಳು ನಮ್ಮ ದೇಶಕ್ಕೂ ಬಂದವು. ಆದರೆ ಬಂದ ದಾರಿ ಅಷ್ಟು ಚಂದದ್ದಲ್ಲ. ಹದಿನೆಂಟು-ಹತ್ತೊಂಬತ್ತನೆಯ ಶತಮಾನಗಳಲ್ಲಿ ಮುಂಬಯಿಯ ಪಾರ್ಸಿ ವ್ಯಾಪಾರಿಗಳು ಹತ್ತಿ ಮತ್ತು ಅಫೀಮು ತುಂಬಿದ ಹಡಗುಗಳಲ್ಲಿ ದಕ್ಷಿಣ ಚೀನಾದ ಕ್ಯಾಂಟನ್ ಬಂದರಿಗೆ ಹೋಗುತ್ತಿದ್ದರು. ಬರುವಾಗ ಚಹಾ, ರೇಷ್ಮೆ, ಪಿಂಗಾಣಿಗಳ ಜೊತೆ ಮನೆಯ ಹೆಂಗಸರಿಗೆಂದು ಕಸೂತಿಯ ರೇಷ್ಮೆಯನ್ನೂ ತರುತ್ತಿದ್ದರು. ಪಾರ್ಸಿ ಮನೆಗಳಲ್ಲಿ ಇಂದಿಗೂ ತಲೆಮಾರಿನಿಂದ ತಲೆಮಾರಿಗೆ ಸಾಗುವ 'ಗಾರಾ' ಸೀರೆ ಹುಟ್ಟಿದ್ದು ಹೀಗೆ. ಅದರ ಮೇಲಿರುವ ಪಿಯೊನಿ, ಸೇವಂತಿಗೆ, ಕೊಕ್ಕರೆ, ಬಿದಿರು ಎಲ್ಲ ಚೀನಾದ ತೋಟದವು. ಇವು ಗು ಕಸೂತಿಯಲ್ಲ, ಕ್ಯಾಂಟನ್ ಸೀಮೆಯ ಕುಶಲಕರ್ಮಿಗಳ ಕೆಲಸ. ಅಲ್ಲಿ ಗಂಡಸರೂ ಸೂಜಿ ಹಿಡಿಯುತ್ತಿದ್ದರು. ಗೋಡೆಯ ಚಿತ್ರವಾಗಿದ್ದ ಹೂವು ಮತ್ತೆ ಸೀರೆಗೆ ಇಳಿಯಿತು. ಆ ಸೀರೆಯನ್ನು ಉಟ್ಟವರ ಹೆಸರು ಮನೆಯ ಹಳೆಯ ಫೋಟೋಗಳಲ್ಲಿದೆ. ಹೊಲಿದವರದ್ದು ಇಲ್ಲ.

ಶೆನ್ ಶೌ ಮತ್ತು ಹಾಸಿಗೆ ಹಿಡಿದ ಗುರು

ಈ ಕಲೆಯ ಕೊನೆಯ ದೊಡ್ಡ ಅಧ್ಯಾಯ ಸುಜೌ ಊರಿನ ಶೆನ್ ಶೌಳದ್ದು. 1874ರಲ್ಲಿ ಹುಟ್ಟಿದಳು. ತಂದೆಗೆ ಪ್ರಾಚೀನ ವಸ್ತುಗಳ ಸಂಗ್ರಹದ ಹವ್ಯಾಸ. ಏಳೆಂಟರ ವಯಸ್ಸಿಗೇ ಸೂಜಿ ಹಿಡಿದವಳು ಮದುವೆಯ ನಂತರ ಚಿತ್ರ ಬಲ್ಲ ಗಂಡ ಯು ಜುಯೆಯ ಜೊತೆ ಸೇರಿ ಕೆಲಸ ಮಾಡಿದಳು. 1904ರಲ್ಲಿ ರಾಜಮಾತೆ ತ್ಸು ಶಿಯ 70ನೆಯ ಹುಟ್ಟುಹಬ್ಬಕ್ಕೆ ಇವಳ ಕಸೂತಿ ಚಿತ್ರಗಳು ಅರಮನೆಗೆ ಹೋದವು. ಮೆಚ್ಚಿದ ರಾಜಮಾತೆ ದಂಪತಿಗೆ 'ಭಾಗ್ಯ' ಮತ್ತು 'ದೀರ್ಘಾಯುಷ್ಯ' ಎಂಬ ಎರಡು ಅಕ್ಷರಗಳನ್ನು ಬರೆದುಕೊಟ್ಟಳು. ಅಂದಿನಿಂದ ಅವಳ ಹೆಸರು ಶೌ, ಅಂದರೆ ದೀರ್ಘಾಯುಷ್ಯ ಎಂದಾಯಿತು.

ಸರಕಾರ ಅವಳನ್ನು ಜಪಾನಿಗೆ ಕಳಿಸಿತು. ಅಲ್ಲಿ ಅವಳು ಪಾಶ್ಚಾತ್ಯ ಶೈಲಿಯ ಚಿತ್ರಗಳಲ್ಲಿ, ಫೋಟೋಗಳಲ್ಲಿ ಬೆಳಕು-ನೆರಳು ಹೇಗೆ ಕೆಲಸ ಮಾಡುತ್ತದೆಂದು ಗಮನಿಸಿದಳು. ಹಿಂದಿರುಗಿ ಆ ಬೆಳಕು-ನೆರಳನ್ನು ರೇಷ್ಮೆ ಎಳೆಗೆ ತಂದಳು. 1911ರಲ್ಲಿ ಇಟಲಿಯ ಟ್ಯುರಿನ್ ಪ್ರದರ್ಶನಕ್ಕೆ ಹೋದ ಇಟಲಿಯ ರಾಣಿಯ ಕಸೂತಿ ಭಾವಚಿತ್ರವೂ, 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪ್ರದರ್ಶನಕ್ಕೆ ಹೋದ ಯೇಸುವಿನ ಚಿತ್ರವೂ ಬಹುಮಾನ ಗಳಿಸಿದವು. 1914ರಲ್ಲಿ ಉದ್ಯಮಿ ಜಾಂಗ್ ಜಿಯಾನ್ ನಾನ್‌ತೋಂಗ್ ಎಂಬ ಊರಿನಲ್ಲಿ ಹೆಣ್ಣುಮಕ್ಕಳಿಗೆ ಕಸೂತಿ ಶಾಲೆ ತೆರೆದಾಗ ಅದರ ಹೊಣೆ ಇವಳ ಹೆಗಲಿಗೆ ಬಂತು.

ಪಾಠ, ಕೆಲಸ, ಪ್ರದರ್ಶನಗಳ ನಡುವೆ ಅವಳ ದೇಹ ಸೋತಿತು. ಹಾಸಿಗೆ ಹಿಡಿದವಳು ತನ್ನ ವಿದ್ಯೆ ತನ್ನೊಂದಿಗೇ ಹೋಗಬಾರದೆಂದು ಹೇಳುತ್ತ ಹೋದಳು, ಜಾಂಗ್ ಜಿಯಾನ್ ಬರೆದುಕೊಳ್ಳುತ್ತ ಹೋದ. ಹಾಗೆ ಸಿದ್ಧವಾದ ಪುಸ್ತಕದಲ್ಲಿ ಎಂಟು ಅಧ್ಯಾಯಗಳಿವೆ. ಸಲಕರಣೆ, ಹೊಲಿಗೆಯ ಬಗೆಗಳು, ಬಣ್ಣ ಇವೆಲ್ಲದರ ಜೊತೆ ಒಂದು ಅಧ್ಯಾಯ ಪೂರ್ತಿ ಮಿತಿಯ ಬಗ್ಗೆ ಇದೆ. ಎಷ್ಟು ಹೊತ್ತು ಕೂರಬೇಕು, ಯಾವಾಗ ಎದ್ದು ಕಣ್ಣಿಗೂ ಮೈಗೂ ವಿರಾಮ ಕೊಡಬೇಕು ಎಂಬ ಮಾತು. ದುಡಿದು ದುಡಿದು ಸೋತ ಗುರು ತನ್ನ ಹುಡುಗಿಯರಿಗೆ ಹೇಳಿಹೋದ ಪಾಠ ಇದು. ದೀರ್ಘಾಯುಷ್ಯದ ಹೆಸರು ಹೊತ್ತವಳು 1921ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡಳು.

ಹೆಸರಿನ ಪ್ರಶ್ನೆ

ಅದೇ ಕಾಲದಲ್ಲಿ ಚು ಚೀಚಿಯೆನ್ (1872-1964) ಎಂಬ ವಿದ್ವಾಂಸ ಹಳೆಯ ಕಸೂತಿಗಳನ್ನು ಸಂಗ್ರಹಿಸುತ್ತಿದ್ದ. ಅವನು ಬಟ್ಟೆಯನ್ನಷ್ಟೇ ಕೂಡಿಡಲಿಲ್ಲ. ಹಳೆಯ ಗ್ರಂಥಗಳನ್ನು ಜಾಲಾಡಿ, ಸೂಜಿಗೆಲಸದಲ್ಲಿ ಹೆಸರು ಮಾಡಿದ ಹೆಂಗಸರ ವೃತ್ತಾಂತಗಳನ್ನು ಹೆಕ್ಕಿ ಪ್ರತ್ಯೇಕ ಪುಸ್ತಕವನ್ನೇ ಮಾಡಿದ. ಕೆಲವರ ಬಗ್ಗೆ ಸಿಕ್ಕಿದ್ದು ಒಂದೆರಡು ಸಾಲು ಮಾತ್ರ. ಆದರೂ ಅದನ್ನು ಬರೆದಿಟ್ಟ. ಇತಿಹಾಸ ಬರೆಯುವವರು ಇಂಥ ಸಣ್ಣ ಕೆಲಸ ಮಾಡದಿದ್ದರೆ ಹೆಂಗಸರ ದುಡಿಮೆ ಮನೆತನದ ಹೆಸರಿನಲ್ಲೋ ಊರಿನ ಹೆಸರಿನಲ್ಲೋ ಕರಗಿಹೋಗುತ್ತದೆ.

2006ರಲ್ಲಿ ಚೀನಾ ತನ್ನ ರಾಷ್ಟ್ರೀಯ ಅಮೂರ್ತ ಪರಂಪರೆಯ ಮೊದಲ ಪಟ್ಟಿ ಪ್ರಕಟಿಸಿದಾಗ ಗು ಕಸೂತಿಗೂ ಸುಜೌ ಕಸೂತಿಗೂ ಅದರಲ್ಲಿ ಸ್ಥಾನ ಸಿಕ್ಕಿತು. ಸುಜೌ ಬಳಿಯ ಝೆನ್‌ಹು ಎಂಬಲ್ಲಿ ಇಂದಿಗೂ ಸಾವಿರಾರು ಹೆಂಗಸರು ಸೂಜಿಯನ್ನೇ ನಂಬಿ ಬದುಕುತ್ತಾರೆ. ಕಂಪ್ಯೂಟರ್ ಯಂತ್ರ ಗಂಟೆಗಳಲ್ಲಿ ಹೊಲಿದುಕೊಡುವ ಹೂವಿನ ಎದುರು ತಿಂಗಳುಗಟ್ಟಲೆ ಕುಳಿತು ಬಿಡಿಸಿದ ಹೂವು ಬೆಲೆ ಕೇಳಬೇಕಾಗಿದೆ. ಇಬ್ಬನಿಯ ಪರಿಮಳದ ತೋಟ ಎಂದೋ ಅಳಿಯಿತು. ಶಾಂಘೈಯ ಹಳೆಯ ಪೇಟೆಯಲ್ಲಿ ಒಂದು ರಸ್ತೆ ಮಾತ್ರ ಅದರ ಹೆಸರು ಹೊತ್ತಿದೆ.

ನಮ್ಮ ಊರುಗಳಲ್ಲೂ ಎಷ್ಟೋ ಓಣಿಗಳಲ್ಲಿ ಹೆಣ್ಣುಮಕ್ಕಳು ಅಡ್ಡಾದ ಮುಂದೆ ಕುಳಿತು ಮದುವೆಯ ಸೀರೆಗಳಿಗೆ, ಲೆಹಂಗಾಗಳಿಗೆ ಹೂವು ತುಂಬುತ್ತಾರೆ. ಕೂಲಿ ಒಂದು ತುಂಡಿಗೆ ಇಷ್ಟು ಎಂದು. ಸೀರೆ ಅಂಗಡಿ ಸೇರಿದ ಮೇಲೆ ಅದಕ್ಕೆ ಅಂಗಡಿಯ ಹೆಸರು, ಬುಟಿಕಿನ ಹೆಸರು. ಆ ಹೂವನ್ನು ಮೆಚ್ಚಿ ಕೊಳ್ಳುವಾಗ ಇದನ್ನು ಹೊಲಿದವರು ಯಾರು, ಅವರಿಗೆ ಎಷ್ಟು ಸಿಕ್ಕಿತು ಎಂದು ಕೇಳಿದರೆ ಅಂಗಡಿಯವನು ತಬ್ಬಿಬ್ಬಾಗಬಹುದು. ಆದರೂ ಕೇಳಬೇಕು. ಮನೆಯಲ್ಲಿ ಹೊಲಿಗೆ ಬಲ್ಲ ಅಮ್ಮನೋ ಅಕ್ಕನೋ ಇದ್ದರೆ, ಅವರು ಮಾಡಿದ ಕೆಲಸದ ಮೂಲೆಯಲ್ಲಿ ಅವರ ಹೆಸರನ್ನೂ ಅವರಿಂದಲೇ ಒಂದು ಎಳೆ ಕೆಂಪು ದಾರದಲ್ಲಿ ಹೊಲಿಸಬೇಕು. ಮತ್ತೆ ಕಿಟಕಿಯ ಬಳಿಯ ಆ ಬೆಳಕಿನ ಜಾಗವನ್ನೂ ಅವರಿಗೆ ಬಿಟ್ಟುಕೊಡಬೇಕು.